ಹುಲ್ಲುಮಾಡಿನ ರೈಲು ನಿಲ್ದಾಣ

ಜಪಾನಿನ ಫುಕುಶಿಮಾ ಪ್ರಾಂತ್ಯದ ಆಯಿಜು ಸೀಮೆಯಲ್ಲಿ, ಓಕಾವಾ ನದಿಯ ಕಣಿವೆಗುಂಟ ಪುಟ್ಟ ಡೀಸೆಲ್ ರೈಲೊಂದು ಓಡಾಡುತ್ತದೆ. ಅದು ಯುನೊಕಾಮಿ ಒನ್‌ಸೆನ್ ನಿಲ್ದಾಣದಲ್ಲಿ ನಿಂತಾಗ ಇಳಿದವರ ಕಣ್ಣು ಮೊದಲು ಹೋಗುವುದು ಮಾಡಿನ ಮೇಲೆ. ದಪ್ಪಗೆ ಹೊದೆಸಿ, ಅಂಚನ್ನು ಒಪ್ಪವಾಗಿ ಕತ್ತರಿಸಿದ ಹುಲ್ಲಿನ ಮಾಡು. ಹಳಿಗಳು ಪಕ್ಕದಲ್ಲಿರದಿದ್ದರೆ ಯಾರೋ ಅನುಕೂಲಸ್ಥ ರೈತರ ಮನೆಯೆಂದೇ ತಿಳಿಯಬೇಕು.

ಒಳಗೆ ನಿಜಕ್ಕೂ ಬೆಂಕಿ ಉರಿಯುತ್ತದೆ. ಚೌಕಾಕಾರದ ಒಲೆಗುಂಡಿಯ ತುಂಬ ಬೂದಿ, ನಡುವೆ ಕೆಂಡ, ಮೇಲಿನಿಂದ ಇಳಿಬಿಟ್ಟ ಕೊಕ್ಕೆಗೆ ಕಬ್ಬಿಣದ ಕೆಟಲು. ಇದಕ್ಕೆ ಅಲ್ಲಿನವರು ಇರೊರಿ ಎನ್ನುತ್ತಾರೆ. ಚಳಿಗಾಲದಲ್ಲಿ ಹಿಮ ಒದರಿಕೊಂಡು ಬಂದವರು ಇದರ ಸುತ್ತ ಕೂತು ಕೈ ಕಾಯಿಸಿಕೊಳ್ಳುತ್ತಾರೆ. ಆದರೆ ಬೆಂಕಿ ಅವರಿಗಾಗಿ ಮಾತ್ರ ಅಲ್ಲ. ಮೇಲೇರಿದ ಹೊಗೆ ಹುಲ್ಲಿನ ಸಂದುಗಳಿಗೆ ಹೊಕ್ಕು ತೇವ ಆರಿಸುತ್ತದೆ, ಹುಳು ಹಿಡಿಯದಂತೆ ಕಾಯುತ್ತದೆ. ಹೊಗೆ ತಪ್ಪಿದ ಹುಲ್ಲುಮಾಡು ಬೇಗ ಕೊಳೆಯುತ್ತದೆ.

ಹೊರಗೆ ಬಿಸಿನೀರ ಬುಗ್ಗೆಯ ನೀರು ಹರಿಸಿದ ತೊಟ್ಟಿಯಿದೆ. ಕಾಲು ಇಳಿಬಿಟ್ಟುಕೊಂಡು ರೈಲಿಗೆ ಕಾಯಬಹುದು. ವಸಂತದಲ್ಲಿ ಪ್ಲಾಟ್‌ಫಾರ್ಮಿನುದ್ದಕ್ಕೂ ಚೆರ್ರಿ ಮರಗಳು ಹೂಬಿಡುತ್ತವೆ.

ಇಷ್ಟೆಲ್ಲ ನೋಡಿದವರು ಕಟ್ಟಡಕ್ಕೆ ನೂರಿನ್ನೂರು ವರ್ಷವಾದರೂ ಆಗಿರಬೇಕೆಂದುಕೊಳ್ಳುತ್ತಾರೆ. ನಿಲ್ದಾಣ ಶುರುವಾದದ್ದು 1932ರಲ್ಲಿ. ಈ ಹುಲ್ಲುಮಾಡು ಬಂದದ್ದು 1987ರಲ್ಲಿ. ಸರ್ಕಾರಿ ರೈಲ್ವೆಯ ನಷ್ಟದ ಮಾರ್ಗಗಳನ್ನು ಕೈಬಿಡಲು 1980ರಲ್ಲಿ ಕಾನೂನು ಬಂದಿತ್ತು. ಆಯಿಜು ಮಾರ್ಗವೂ ಆ ಪಟ್ಟಿಗೆ ಸೇರಿತು. ಪ್ರಾಂತ್ಯಾಡಳಿತ, ಸ್ಥಳೀಯ ಸಂಸ್ಥೆಗಳು, ಖಾಸಗಿಯವರು ಕೂಡಿ ಕಟ್ಟಿದ ಆಯಿಜು ರೈಲ್ವೆ ಕಂಪನಿ 1987ರ ಜುಲೈನಲ್ಲಿ ಅದನ್ನು ವಹಿಸಿಕೊಂಡಿತು. ಮಾರ್ಗ ಉಳಿಯಬೇಕಾದರೆ ಹೊರಗಿನ ಜನ ಬರಬೇಕಿತ್ತು. ಅವರನ್ನು ಕರೆಯಲು ಸಮೀಪದಲ್ಲೇ ಒಂದು ಊರಿತ್ತು: ಓಉಚಿ-ಜುಕು. ನಿಲ್ದಾಣ ತನ್ನ ರೂಪವನ್ನು ಪಡೆದದ್ದು ಆ ಊರಿನಿಂದಲೇ.

ಆಯಿಜು-ವಕಮತ್ಸುವಿನಿಂದ ನಿಕ್ಕೊ ಕಡೆಗೆ ಸಾಗುವ ಹೆದ್ದಾರಿಯಲ್ಲಿ ಓಉಚಿ-ಜುಕು ಎಡೊ ಕಾಲದ ತಂಗುದಾಣ. ಅಕ್ಕಿ ಹೇರಿದ ಕುದುರೆಗಳೂ ಪ್ರಯಾಣಿಕರೂ ಇಲ್ಲಿ ತಂಗುತ್ತಿದ್ದರು. 1878ರಲ್ಲಿ ಬ್ರಿಟಿಷ್ ಪ್ರವಾಸಿ ಇಸಾಬೆಲ್ಲಾ ಬರ್ಡ್ ಕೂಡ ಇಲ್ಲಿ ಇಳಿದುಕೊಂಡಿದ್ದರು. ಮುಂದೆ 1884ರಲ್ಲಿ ನದಿ ಕಣಿವೆಯಲ್ಲಿ ಹೊಸ ರಸ್ತೆ ತೆರೆಯಿತು. ಓಡಾಟವೆಲ್ಲ ಅತ್ತ ತಿರುಗಿ, ಊರು ಬದಿಗೆ ಬಿತ್ತು. ರೈಲು ಹಾದದ್ದೂ ಆ ಕಣಿವೆಯಲ್ಲೇ.

ಜನ ಬೇಸಾಯ ನೆಚ್ಚಿಕೊಂಡರು, ಬೀದಿಯ ಹುಲ್ಲುಮಾಡಿನ ಮನೆಗಳು ಹಾಗೇ ಉಳಿದವು. 1960ರ ದಶಕದ ಹೊತ್ತಿಗೆ ಅವೂ ಬದಲಾಗುವ ಕಾಲ ಬಂದಿತ್ತು; ಹುಲ್ಲಿನ ಮೇಲೆ ತಗಡು ಬೀಳತೊಡಗಿತ್ತು. 1967ರಲ್ಲಿ ಜಾನಪದ ವಿದ್ವಾಂಸ ಮಿಯಾಮೊಟೊ ತ್ಸುನೆಇಚಿಯವರ ಶಿಷ್ಯರೊಬ್ಬರು ಇಲ್ಲಿಗೆ ಬಂದು, ಈ ಬೀದಿಯನ್ನು ಉಳಿಸಬೇಕೆಂದು ದನಿಯೆತ್ತಿದರು. ಊರಲ್ಲಿ ಒಮ್ಮತ ಸುಲಭವಾಗಿ ಮೂಡಲಿಲ್ಲ. ಕೊನೆಗೆ 1981ರಲ್ಲಿ ಸರ್ಕಾರ ಇದನ್ನು ಸಂರಕ್ಷಿತ ಪ್ರದೇಶಗಳ ಸಾಲಿಗೆ ಸೇರಿಸಿತು. ಊರವರು ತಮಗೆ ತಾವೇ ಕಟ್ಟಳೆ ಹಾಕಿಕೊಂಡರು: ಮಾರುವುದಿಲ್ಲ, ಬಾಡಿಗೆಗೆ ಕೊಡುವುದಿಲ್ಲ, ಕೆಡವುವುದಿಲ್ಲ. ಕಾನೂನಿಗಿಂತ ಈ ಮೂರು ಮಾತೇ ಬೀದಿಯನ್ನು ಹೆಚ್ಚು ಕಾದಿವೆ ಎನ್ನಬೇಕು.

ಮಾಡು ಹೊದೆಸುವ ಕೆಲಸವನ್ನು ಊರಿನ ಕಿರಿಯರು ಕಲಿತಿದ್ದಾರೆ, ಮುಯ್ಯಾಳಿನ ಪದ್ಧತಿಯಲ್ಲಿ ಒಬ್ಬರ ಮಾಡಿಗೆ ಇನ್ನೊಬ್ಬರು ಕೈಹಾಕುತ್ತಾರೆ. ಹುಲ್ಲುಮನೆಗೆ ದೊಡ್ಡ ಶತ್ರು ಬೆಂಕಿ. ಹಾಗಾಗಿ ಪ್ರತಿ ಸೆಪ್ಟೆಂಬರಿನಲ್ಲಿ ಊರಿಡೀ ಕೊಳವೆಗಳಿಂದ ಮಾಡುಗಳೆತ್ತರಕ್ಕೆ ನೀರು ಚಿಮ್ಮಿಸಿ ತಾಲೀಮು ನಡೆಸುತ್ತಾರೆ. ಬೀದಿಯ ಹೋಟೆಲುಗಳಲ್ಲಿ ಸೋಬಾ ಶಾವಿಗೆಯನ್ನು ಚಾಪ್‌ಸ್ಟಿಕ್ಕಿನ ಬದಲು ಉದ್ದನೆಯ ಈರುಳ್ಳಿ ದಂಟಿನಲ್ಲಿ ಎತ್ತಿ, ನಡುನಡುವೆ ಆ ದಂಟನ್ನೂ ಕಡಿದು ತಿನ್ನುತ್ತಾರೆ. ಅದನ್ನು ಸವಿಯಲು ರೈಲಿನಲ್ಲಿ ಬಂದವರೆಲ್ಲ ಇಳಿಯುವುದು ಯುನೊಕಾಮಿ ಒನ್‌ಸೆನ್‌ನಲ್ಲೇ.