ಬೈಕ್ ಮೀಟರ್‌ನಲ್ಲಿ ‘ವಿವಿಎ’ ಅಂತ ಬಂದ್ರೆ ಏನರ್ಥ? ಎಂಜಿನ್ ಒಳಗೆ ನಡೆಯೋದೇನು? ಇಲ್ಲಿದೆ ಮಾಹಿತಿ

ಯಮಹಾ ಆರ್‌15 ಬೈಕ್‌ನ ಆಕ್ಸಿಲರೇಟರ್ ಜೋರಾಗಿ ತಿರುವಿದಾಗ ಮೀಟರ್‌ನಲ್ಲಿ ‘ವಿವಿಎ’ ಎಂಬ ಮೂರು ಅಕ್ಷರ ಮೂಡುತ್ತವೆ. ಸೆಕೆಂಡ್ ಹ್ಯಾಂಡ್ ಬೈಕ್ ತೋರಿಸುವಾಗ ಇದನ್ನೇ ಟರ್ಬೊ ಎನ್ನುವಂತೆ ಹೇಳಿ ರೇಟು ಏರಿಸೋದೂ ಉಂಟು. ಇದು ಟರ್ಬೊ ಅಲ್ಲ. ವಾಲ್ವ್ ತೆರೆದು ಮುಚ್ಚುವ ಲೆಕ್ಕವನ್ನು ವೇಗಕ್ಕೆ ತಕ್ಕಂತೆ ಬದಲಿಸುವ ವ್ಯವಸ್ಥೆ, ಅಷ್ಟೇ.

ವಾಲ್ವ್ ಕೆಲಸ ಏನು?

ಎಂಜಿನ್‌ಗೆ ವಾಲ್ವ್ ಅಂದರೆ ಬಾಗಿಲು ಇದ್ದಂತೆ. ಇನ್‌ಟೇಕ್ ವಾಲ್ವ್‌ನಿಂದ ಗಾಳಿ, ಪೆಟ್ರೋಲ್ ಒಳಗೆ ಬರುತ್ತೆ. ಎಕ್ಸಾಸ್ಟ್ ವಾಲ್ವ್‌ನಿಂದ ಹೊಗೆ ಹೊರಗೆ ಹೋಗುತ್ತೆ. ಇವನ್ನು ತೆರೆಸೋದು ಕ್ಯಾಮ್‌ಶಾಫ್ಟ್ ಮೇಲಿನ ಮೊಟ್ಟೆಯಾಕಾರದ ಉಬ್ಬು. ಬಾಗಿಲು ಎಷ್ಟು ತೆರೆಯಬೇಕು, ಎಷ್ಟು ಹೊತ್ತು ತೆರೆದಿರಬೇಕು ಎಂಬುದನ್ನು ಆ ಉಬ್ಬಿನ ಆಕಾರವೇ ನಿರ್ಧರಿಸುತ್ತೆ. ಸಾಮಾನ್ಯ ಬೈಕ್‌ಗಳಲ್ಲಿ ಇದು ಫ್ಯಾಕ್ಟರಿಯಲ್ಲಿ ಹೇಗೆ ಮಾಡಿದ್ದಾರೋ ಹಾಗೇ ಕೊನೆವರೆಗೂ ಇರುತ್ತೆ.

ಒಂದೇ ಲೆಕ್ಕ ಯಾಕೆ ಸಾಲಲ್ಲ?

ಎಂಜಿನ್ 3,000 ಆರ್‌ಪಿಎಂನಲ್ಲಿದ್ದಾಗ ಪಿಸ್ಟನ್ ಒಂದು ಸಲ ಕೆಳಗಿಳಿಯಲು ಸೆಕೆಂಡಿನ ನೂರನೇ ಒಂದು ಭಾಗ ಸಿಗುತ್ತೆ. 10,000 ಆರ್‌ಪಿಎಂನಲ್ಲಿ ಸಿಗೋದು ಅದರ ಮೂರನೇ ಒಂದು ಪಾಲಿಗೂ ಕಡಿಮೆ. ಅಷ್ಟರೊಳಗೆ ಸಿಲಿಂಡರ್ ತುಂಬಬೇಕಾದರೆ ವಾಲ್ವ್ ಹೆಚ್ಚು ತೆರೆದು, ತಡವಾಗಿ ಮುಚ್ಚಬೇಕು. ಗಾಳಿ ರಭಸದಲ್ಲಿ ನುಗ್ಗುತ್ತಿರೋದರಿಂದ ಪಿಸ್ಟನ್ ಮೇಲೇರಲು ಶುರು ಮಾಡಿದರೂ ಒಳಗೆ ತುಂಬುತ್ತಲೇ ಇರುತ್ತೆ.

ಇದೇ ಲೆಕ್ಕವನ್ನು ನಿಧಾನದ ಓಟಕ್ಕೆ ಇಟ್ಟರೆ ಉಲ್ಟಾ ಹೊಡೆಯುತ್ತೆ. ಆಗ ಗಾಳಿಗೆ ಅಷ್ಟು ರಭಸ ಇರಲ್ಲ. ಮೇಲೇರುವ ಪಿಸ್ಟನ್ ಒಳಗೆ ಬಂದಿದ್ದನ್ನೇ ವಾಪಸ್ ತಳ್ಳಿಬಿಡುತ್ತೆ, ಎಳೆತ ಕಡಿಮೆಯಾಗುತ್ತೆ. ಹಾಗಾಗಿ ಒಂದೇ ಉಬ್ಬು ಇರುವ ಎಂಜಿನ್‌ನಲ್ಲಿ ಎರಡಕ್ಕೂ ನಡುವಿನ ಲೆಕ್ಕ ಹಿಡಿಯಬೇಕಾಗುತ್ತೆ.

ಯಮಹಾ ಮಾಡಿದ್ದೇನು?

ಭಾರತದಲ್ಲಿ 2018ರಲ್ಲಿ ಬಂದ 155 ಸಿಸಿಯ ಆರ್‌15 ವಿ3, 2019ರ ಎಂಟಿ-15 ಎರಡರಲ್ಲೂ ಇನ್‌ಟೇಕ್ ಕಡೆಗೆ ಎರಡು ಉಬ್ಬುಗಳಿವೆ. ಒಂದು ಚಿಕ್ಕದು, ಒಂದು ದೊಡ್ಡದು. ಕಡಿಮೆ ವೇಗದಲ್ಲಿ ಚಿಕ್ಕ ಉಬ್ಬೇ ವಾಲ್ವ್ ತೆರೆಯುತ್ತೆ. ದೊಡ್ಡ ಉಬ್ಬಿನ ರಾಕರ್ ಆರ್ಮ್ ಸುಮ್ಮನೆ ಆಡುತ್ತಿರುತ್ತೆ. ಸುಮಾರು 7,400 ಆರ್‌ಪಿಎಂ ದಾಟಿದಾಗ ಇಸಿಯು ಆಜ್ಞೆಯಂತೆ ಸೊಲೆನಾಯ್ಡ್ ಒಂದು ಪಿನ್ನನ್ನು ತಳ್ಳಿ ಎರಡೂ ರಾಕರ್ ಆರ್ಮ್‌ಗಳನ್ನು ಜೋಡಿಸುತ್ತೆ. ಅಲ್ಲಿಂದ ಮುಂದೆ ದೊಡ್ಡ ಉಬ್ಬಿನದೇ ಕೆಲಸ. ವೇಗ ಇಳಿದರೆ ಪಿನ್ನು ಹಿಂದಕ್ಕೆ ಸರಿಯುತ್ತೆ. ಎಕ್ಸಾಸ್ಟ್ ಕಡೆ ಏನೂ ಬದಲಾಗಲ್ಲ.

ಬೇರೆ ಕಂಪನಿಗಳ ದಾರಿ

* ಹೋಂಡಾ: 1999ರ ಸಿಬಿ400 ಬೈಕ್‌ನಲ್ಲಿ ಕಡಿಮೆ ವೇಗದಲ್ಲಿ ಪ್ರತಿ ಸಿಲಿಂಡರ್‌ಗೆ ಎರಡೇ ವಾಲ್ವ್ ಕೆಲಸ ಮಾಡುತ್ತವೆ, ವೇಗ ಏರಿದಾಗ ನಾಲ್ಕೂ.
* ಸುಜುಕಿ: 2017ರ ಜಿಎಸ್‌ಎಕ್ಸ್-ಆರ್1000ದಲ್ಲಿ ಉಕ್ಕಿನ ಗುಂಡುಗಳು ತಿರುಗುವ ರಭಸಕ್ಕೆ ಹೊರಗೆ ಸರಿದು ಇನ್‌ಟೇಕ್ ಕ್ಯಾಮ್‌ನ ಟೈಮಿಂಗ್ ಬದಲಿಸುತ್ತವೆ.
* ಬಿಎಂಡಬ್ಲ್ಯು: 2018ರಲ್ಲಿ ತಂದ ಆರ್1250 ಎಂಜಿನ್‌ನಲ್ಲಿ ಇನ್‌ಟೇಕ್ ಕ್ಯಾಮ್ ಅನ್ನೇ ಪಕ್ಕಕ್ಕೆ ಸರಿಸಿ ಉಬ್ಬು ಬದಲಿಸಲಾಗುತ್ತೆ.

ಕೊಳ್ಳೋರು ಏನು ನೋಡಬೇಕು?

ಪೇಟೆಯೊಳಗೆ 4–5 ಸಾವಿರ ಆರ್‌ಪಿಎಂನಲ್ಲೇ ಓಡಿಸೋರಿಗೆ ದೊಡ್ಡ ಉಬ್ಬು ಕೆಲಸಕ್ಕೇ ಬರಲ್ಲ. ಹಾಗಂತ ವಿವಿಎ ದಂಡ ಅಂತಲೂ ಅಲ್ಲ. ಮೇಲಿನ ವೇಗದ ಹೊಣೆ ದೊಡ್ಡದಕ್ಕೆ ಬಿಟ್ಟಿದ್ದರಿಂದಲೇ ಚಿಕ್ಕ ಉಬ್ಬನ್ನು ನಿಧಾನದ ಓಟಕ್ಕೆ ಸರಿಯಾಗಿ ಹೊಂದಿಸಲು ಆಗಿದೆ. ಆದರೆ ಬರೀ ಆ ಮೂರು ಅಕ್ಷರ ನೋಡಿ ಹೆಚ್ಚು ದುಡ್ಡು ಕೊಡೋ ಅಗತ್ಯ ಇಲ್ಲ.

ಹಳೇ ಬೈಕ್ ಆದರೆ ಎಂಜಿನ್ ಬಿಸಿಯಾದ ಮೇಲೆ, ಖಾಲಿ ರಸ್ತೆಯಲ್ಲಿ, ಕೆಳಗಿನ ಗೇರ್‌ನಲ್ಲಿ 7,400 ದಾಟಿಸಿ ನೋಡಿ. ಮೀಟರ್‌ನಲ್ಲಿ ಅಕ್ಷರ ಬರಬೇಕು, ಎಳೆತವೂ ಮುಂದುವರಿಯಬೇಕು. ಅಕ್ಷರ ಬಂದರೂ ಎಳೆತ ಅಲ್ಲೇ ಸತ್ತರೆ ದುಡ್ಡು ಕೊಡೋ ಮುಂಚೆ ಮೆಕ್ಯಾನಿಕ್‌ಗೆ ತೋರಿಸಿ.

ಕ್ಯಾಮ್, ರಾಕರ್ ಆರ್ಮ್ ಎಲ್ಲ ನಡೆಯೋದು ಎಂಜಿನ್ ಆಯಿಲ್ ಮೇಲೆ. ಕಂಪನಿ ಹೇಳಿದ ಗ್ರೇಡ್‌ನ ಆಯಿಲ್ ಅನ್ನು ಹೇಳಿದ ಕಿಲೋಮೀಟರ್‌ಗೆ ಬದಲಿಸಿ. ಟ್ಯಾಪೆಟ್ ಸೆಟ್ಟಿಂಗ್ ಮಾಡಿಸೋದಾದರೆ ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ಮಾಡಿಸಿ. ಬಿಸಿ ಇದ್ದಾಗ ಹಿಡಿದ ಅಳತೆ ತಪ್ಪಾಗುತ್ತೆ.