ಬಡಾಬಾಗಿನ ಮಾವಿಗೆ ಸಾಕ್ಷಿ ಯಾರು?

ಮಂಡ್ಯದ ಬಳಿಯ ಯಲಿಯೂರಿನ ಸುತ್ತಮುತ್ತ ಸಿಹಿಯನ್ನು ಅಂಕಿಯಲ್ಲಿ ಅಳೆಯುವುದು ಹೊಸದೇನಲ್ಲ. ಕನ್ನಂಬಾಡಿ ಕಟ್ಟೆಯ ನೀರು ನಾಲೆಗೆ ಬಂದು, ಮೈಸೂರು ಸಂಸ್ಥಾನದ ಕೃಷಿ ನಿರ್ದೇಶಕ ಲೆಸ್ಲಿ ಕೋಲ್ಮನ್ನರ ಮುತುವರ್ಜಿಯಿಂದ 1933ರಲ್ಲಿ ಮಂಡ್ಯದ ಸಕ್ಕರೆ ಕಂಪನಿ ಹುಟ್ಟಿದ ಮೇಲೆ ಕಬ್ಬಿನ ರಸದ ಬ್ರಿಕ್ಸ್, ಅಂದರೆ ಕರಗಿದ ಸಕ್ಕರೆಯ ಪ್ರಮಾಣ, ಅಳೆದು ನೋಡುವ ಪದ್ಧತಿ ಈ ಸೀಮೆಗೆ ಬಂತು. ಗಾಣಕ್ಕೆ ಅಷ್ಟು ಸಾಕು. ಹಣ್ಣಿನ ತಳಿ ಗುರುತಿಸಲು ಸಾಲದು: ರಸದಲ್ಲಿ ಕರಗಿದ ಸಕ್ಕರೆ ಸಮನಾಗಿದ್ದ ಮಾತ್ರಕ್ಕೆ ಎರಡು ಮಾವು ಒಂದೇ ಆಗುವುದಿಲ್ಲ. ಮಳವಳ್ಳಿ ತಾಲೂಕಿನ ಕಿರುಗಾವಲಿನಲ್ಲಿ ಸೈಯದ್ ಘನಿ ಖಾನ್ ಅವರ ಮನೆತನ ಕಾಪಾಡಿಕೊಂಡು ಬಂದ ಬಡಾಬಾಗ್ ತೋಪಿನಲ್ಲಿ ನೂರಕ್ಕೂ ಹೆಚ್ಚು ಬಗೆಯ ಮಾವುಗಳಿವೆ. ಮೊಸಂಬಿಯ ರುಚಿಯದು, ಸೇಬಿನ ರುಚಿಯದು ಎಂದು ಅಲ್ಲಿ ನಾಲಗೆ, ಮೂಗುಗಳೇ ಹೆಸರಿಟ್ಟಿವೆ. ಇವು ಬರೀ ಅಕ್ಕರೆಯ ಹೆಸರುಗಳೆಂದು ತಳ್ಳಿಹಾಕುವುದು ಸುಲಭ; ನನಗೆ ಅದು ಅವಸರದ ತೀರ್ಪೆನಿಸುತ್ತದೆ.

ಮಾವಿನ ಪರಿಮಳ ಟರ್ಪೀನು, ಲ್ಯಾಕ್ಟೋನು ಮೊದಲಾದ ಹತ್ತಾರು ಆವಿಯಾಗುವ ವಸ್ತುಗಳ ಮಿಶ್ರಣ. ಗ್ಯಾಸ್ ಕ್ರೊಮಟೋಗ್ರಫಿ ಅವನ್ನು ಬಿಡಿಸಿ ಅಳೆಯುತ್ತದೆ. ಪುಣೆಯ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯದವರು 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 27 ಮಾವಿನ ತಳಿಗಳ ನಂಟನ್ನು ಹೀಗೆಯೇ ಪರಿಮಳದ ಅಳತೆಗಳಿಂದ ಹುಡುಕಿದರು. ಅಷ್ಟು ಅಂಕಿಗಳನ್ನು ಒಟ್ಟಿಗೆ ತೂಗುವುದು ಸಂಖ್ಯಾಶಾಸ್ತ್ರದ ಕೆಲಸ. ಒಂದೇ ಕಿಣ್ವದಿಂದ ಹುಟ್ಟುವ ಎರಡು ಟರ್ಪೀನುಗಳು ಜೊತೆಯಾಗಿ ಏರಿ ಇಳಿಯುತ್ತವೆ. ಎರಡನ್ನೂ ಬೇರೆಬೇರೆಯಾಗಿ ಎಣಿಸಿದರೆ ಒಬ್ಬನೇ ಸಾಕ್ಷಿಯನ್ನು ಎರಡು ಸಲ ಕಟಕಟೆಗೆ ಕರೆದಂತೆ. ಪ್ರಶಾಂತ ಚಂದ್ರ ಮಹಾಲನೋಬಿಸ್ 1936ರಲ್ಲಿ ಕೊಟ್ಟ ಅಂತರದ ಸೂತ್ರ ಈ ಇಮ್ಮಡಿ ಎಣಿಕೆಯನ್ನು ಕಳೆಯುತ್ತದೆ. ಅವರು ಅದನ್ನು ರೂಪಿಸಿದ್ದು ಹಣ್ಣಿಗಲ್ಲ, ಮನುಷ್ಯರ ಮೈಯಳತೆಗಳ ಹೋಲಿಕೆಗೆ.

ಮಾಗುವಿಕೆ, ಮಳೆ, ಮಣ್ಣು ಬದಲಾದರೆ ಪರಿಮಳವೂ ಬದಲಾಗುವುದಿಲ್ಲವೇ ಎಂಬ ಆಕ್ಷೇಪ ಸರಿಯಾದದ್ದೇ. ಅದಕ್ಕೇ ಒಂದೇ ಮರದ ಹಲವು ಹಣ್ಣುಗಳನ್ನು ಹಲವು ಸುಗ್ಗಿಗಳಲ್ಲಿ ಪರೀಕ್ಷಿಸಬೇಕು. ತಳಿಯೊಳಗಿನ ಏರುಪೇರಿಗಿಂತ ತಳಿಗಳ ನಡುವಿನ ಅಂತರ ದೊಡ್ಡದಿದ್ದರೆ ಹೆಸರು ನಿಲ್ಲುತ್ತದೆ, ಇಲ್ಲದಿದ್ದರೆ ಬೀಳುತ್ತದೆ. ಡಿಎನ್‌ಎ ಸಾಕಲ್ಲವೇ ಎನ್ನುವವರಿದ್ದಾರೆ. ಮರದ ಗುರುತಿಗೆ ಅದೇ ಗಟ್ಟಿ. ಆದರೆ ಜನ ಹೆಸರಿಟ್ಟದ್ದು ರುಚಿ ನೋಡಿ. ಆ ಹೆಸರು ನಿಜವೋ ಅಲ್ಲವೋ ಎಂಬುದನ್ನು ಹಣ್ಣಿನ ರಸಾಯನವೇ ಹೇಳಬೇಕು. ತೋಪು ಟಿಪ್ಪುವಿನ ಕಾಲದ್ದೆಂಬ ಮನೆತನದ ಮಾತನ್ನಂತೂ ಎರಡೂ ಸಾಬೀತು ಮಾಡಲಾರವು. ಅದಕ್ಕೆ ಹಳೆಯ ಜಮೀನು ದಾಖಲೆಗಳೇ ಬೇಕು, ಅವು ಕಾಯಬಲ್ಲವು. ಮರ ಕಾಯುವುದಿಲ್ಲ: ವಾಟೆ ಬಿತ್ತಿದರೆ ತಾಯಿಮರದ ಗುಣವೇ ಬರುತ್ತದೆಂಬ ಭರವಸೆಯಿಲ್ಲ, ಕಸಿ ಕಟ್ಟದೆ ಉಳಿದ ಮರ ಉರುಳಿದರೆ ಆ ತಳಿಯೂ ಹೋಯಿತು. ಮೊದಲು ಕಸಿ ಕಟ್ಟಲಿ, ಅದರ ಜೊತೆಗೇ ಹಣ್ಣುಗಳು ಪ್ರಯೋಗಾಲಯಕ್ಕೆ ಹೋಗಲಿ.