ರಜೆಯ ಓದು, ಪರೀಕ್ಷೆಯ ನೆರಳು

ಕಾಲೇಜಿಗೆ ಹೊಸದಾಗಿ ಸೇರುವವರು ಬೇಸಗೆಯ ರಜೆಯಲ್ಲಿಯೇ ಗೊತ್ತುಮಾಡಿದ ಪುಸ್ತಕವೊಂದನ್ನು ಓದಿಕೊಂಡು ಬರಬೇಕೆಂಬ ಪದ್ಧತಿ ಅಮೆರಿಕದ ಕೆಲವು ವಿಶ್ವವಿದ್ಯಾನಿಲಯಗಳಲ್ಲಿ ಬೆಳೆದುಬಂದಿದೆ. ಅದು ನಮಗೆ ಬೇಕೇ ಎಂದು ತೀರ್ಮಾನಿಸುವ ಮುನ್ನ, ಕಾಲೇಜಿಗೆ ಅಣಿಯಾಗುವುದೆಂಬುದು ನಮ್ಮಲ್ಲಿ ಯಾವ ರೂಪಗಳನ್ನು ತಾಳಿತು ಎಂಬುದನ್ನು ನೋಡುವುದು ಮೇಲು. ನಾನು ಅಜ್ಜಾವರದಲ್ಲಿ ನಿಂತು ನೋಡುತ್ತೇನೆ. ನಾನು ಬಲ್ಲ ಊರು ಅದು.

ಅಜ್ಜಾವರ ಸುಳ್ಯದ ನೆರೆಯ ಹಳ್ಳಿ, ಅಡಿಕೆಯ ಸೀಮೆ. ಮನೆಯಲ್ಲಿ ಅರೆಭಾಷೆಯೋ ತುಳುವೋ ಮಲೆಯಾಳವೋ, ಶಾಲೆಯಲ್ಲಿ ಕನ್ನಡ, ಕಾಲೇಜಿನಲ್ಲಿ ಇಂಗ್ಲಿಷು. ಹೀಗೆ ಇಲ್ಲಿಯ ಮಕ್ಕಳಲ್ಲಿ ಅನೇಕರು ಓದಿಗಾಗಿ ಎರಡು ಸಲ ಭಾಷೆಯ ಹೊಸ್ತಿಲು ದಾಟಿದವರು. ಹಿಂದೆ ಕಾಲೇಜೆಂದರೆ ಮಂಗಳೂರಿಗೇ ಹೋಗಬೇಕು. ಅಲ್ಲಿಯ ಸಂತ ಅಲೋಶಿಯಸ್ ಕಾಲೇಜು 1880ರಷ್ಟು ಹಳೆಯದು. ಪುತ್ತೂರಿಗೆ ಸಂತ ಫಿಲೋಮಿನಾ ಕಾಲೇಜು ಬಂದುದು 1958ರಲ್ಲಿ. ಸುಳ್ಯದಲ್ಲಿ ಕುರುಂಜಿ ವೆಂಕಟ್ರಮಣ ಗೌಡರ ಸಾಹಸದಿಂದ ನೆಹರೂ ಸ್ಮಾರಕ ಕಾಲೇಜು ತೆರೆದುದು 1976ರಲ್ಲಿ. ದಾರಿ ಹತ್ತಿರವಾಯಿತು; ಭಾಷೆಯ ಹೊಸ್ತಿಲುಗಳು ಇದ್ದಲ್ಲಿಯೇ ಉಳಿದವು.

ಈ ಅಡಚಣೆಯನ್ನು ಸರಕಾರ ಅರಿಯದಿರಲಿಲ್ಲ. ಮದರಾಸಿನ ಆಡಳಿತದಲ್ಲಿ ಎರಡು ವರ್ಷದ ಇಂಟರ್‌ಮೀಡಿಯಟ್ ಇತ್ತಷ್ಟೆ. 1952–53ರ ಮುದಲಿಯಾರ್ ಆಯೋಗವು ಅದನ್ನು ತೆಗೆದುಹಾಕಿ, ಹೈಸ್ಕೂಲು ಮುಗಿಸಿ ಬಂದವರಿಗೆ ಒಂದು ವರ್ಷದ ಪದವಿಪೂರ್ವ ವ್ಯಾಸಂಗವಿರಲಿ ಎಂದಿತು. ಹೆಸರೇ ಅದರ ಉದ್ದೇಶವನ್ನು ಹೇಳುತ್ತದೆ: ಪದವಿಗೆ ಪೂರ್ವದ ಸಿದ್ಧತೆ. ಮುಂದೆ ನಮ್ಮ ರಾಜ್ಯದಲ್ಲಿ ಆ ಒಂದು ವರ್ಷ ಎರಡಾಯಿತು. ಸಿದ್ಧತೆಗೆಂದು ಕಟ್ಟಿದ ಜಗಲಿ ಮನೆಗಿಂತ ದೊಡ್ಡದಾಯಿತು! ಇಂದು ಪದವಿಪೂರ್ವ ಪರೀಕ್ಷೆಯ ಅಂಕಗಳಿಗೆ ಹೆದರುವಷ್ಟು ಮಕ್ಕಳು ಪದವಿ ಪರೀಕ್ಷೆಗೂ ಹೆದರುವುದಿಲ್ಲ. ಅಣಿಗೊಳಿಸಲು ಹುಟ್ಟಿದ್ದನ್ನು ಪರೀಕ್ಷೆ ನುಂಗಿತು ಎಂದೇ ನನ್ನ ಎಣಿಕೆ.

ನೆರೆಮನೆಯ ಹುಡುಗಿಯೊಬ್ಬಳು ಪದವಿ ತರಗತಿಗೆ ಸೇರುವ ಮೊದಲು ಬಿಡುವಿನಲ್ಲಿದ್ದಳು. ಓದೆಂದು ಕಾರಂತರದೊಂದು ಪುಸ್ತಕ ಕೊಟ್ಟೆ. ತಿರುವಿ ನೋಡಿ ಕೇಳಿದಳು: "ಇದು ಪರೀಕ್ಷೆಗೆ ಉಂಟಾ ಮಾವ?" ಇಲ್ಲವೆಂದೆ. ಅವಳ ಮುಖದಲ್ಲಿ ಕಂಡುದು ನಿರಾಳವೋ ನಿರುತ್ಸಾಹವೋ ತಿಳಿಯಲಿಲ್ಲ. ಹನ್ನೆರಡು ವರ್ಷ ಶಾಲೆಯಲ್ಲಿ ಕಳೆದ ಮಗುವಿಗೆ ಮೊದಲು ಹೊಳೆಯುವ ಪ್ರಶ್ನೆ ಅದೇ ಆದರೆ ದೋಷ ಮಗುವಿನದಲ್ಲ. ಆ ಕಾರಂತರಾದರೋ ಅಸಹಕಾರ ಚಳವಳಿಯ ಕರೆಗೆ ಕಾಲೇಜನ್ನೇ ಬಿಟ್ಟುಬಂದವರು. ಪುತ್ತೂರಿನಲ್ಲಿ ನೆಲಸಿ, 'ಬಾಲ ಪ್ರಪಂಚ'ದ ಮೂರು ಸಂಪುಟಗಳನ್ನು ಮಕ್ಕಳ ಕೈಗೆ ಕೊಟ್ಟವರು. ಅದನ್ನು ಓದಿದವರಿಗೆ ಅಂಕ ಕೊಟ್ಟವರು ಯಾರು?

ಕಡ್ಡಾಯದ ಗತಿ ಹೊರನಾಡಿನಲ್ಲಿಯೂ ಸುಗಮವಲ್ಲ. 2002ರಲ್ಲಿ ಉತ್ತರ ಕೆರೊಲಿನಾ ವಿಶ್ವವಿದ್ಯಾನಿಲಯವು ಹೊಸಬರಿಗೆ ಕುರಾನಿನ ಆಯ್ದ ಭಾಗಗಳ ಅನುವಾದ, ವಿವರಣೆಗಳ ಪುಸ್ತಕವೊಂದನ್ನು ವಿಧಿಸಿತು. ಆಕ್ಷೇಪಿಸಿದವರು ನ್ಯಾಯಾಲಯಕ್ಕೆ ಹೋದರು, ನ್ಯಾಯಾಲಯ ತಡೆಯಲಿಲ್ಲ. ಆದರೆ ಒಲ್ಲದವರು ಏಕೆ ಓದಲಿಲ್ಲವೆಂಬುದನ್ನು ಒಂದು ಪುಟ ಬರೆದುಕೊಟ್ಟರೆ ಸಾಕೆಂದು ವಿಶ್ವವಿದ್ಯಾನಿಲಯವೇ ಒಪ್ಪಿತು. ಈ ಏರ್ಪಾಡು ನನಗೆ ಮೆಚ್ಚುಗೆಯಾಯಿತು: ಓದದಿರುವುದಕ್ಕೂ ಯೋಚಿಸಬೇಕಲ್ಲ!

ನಮ್ಮಲ್ಲಿ ಇನ್ನೊಂದು ಮಾತುಂಟು. ಬೇಸಗೆ ಎಂದರೆ ಎಲ್ಲರಿಗೂ ರಜೆಯಲ್ಲ. ತೋಟಕ್ಕೆ ನೀರು, ಅಡಿಕೆ ಸುಲಿಯುವುದು, ಮಳೆಗೆ ಮೊದಲು ಕಟ್ಟಿಗೆ ಕೂಡಿಹಾಕುವುದು, ಹಲಸಿನ ಹಪ್ಪಳ. ಇವುಗಳ ನಡುವೆ ಓದಬೇಕು. ಪುಸ್ತಕವನ್ನು ಕೊಂಡೇ ಓದಬೇಕೆಂದರೆ, ಶುಲ್ಕ ಹೊಂದಿಸಲು ಹೆಣಗುವ ಮನೆಗೆ ಅದೊಂದು ಹೆಚ್ಚಿನ ತೆರಿಗೆ. ಗ್ರಂಥಾಲಯದ ಕಾನೂನು ಈ ಜಿಲ್ಲೆಗೆ ಹೊಸದಲ್ಲ. ಮದರಾಸು 1948ರಲ್ಲಿಯೇ ಮಾಡಿತ್ತು, ಆಗ ನಾವು ಅದರೊಳಗಿದ್ದೆವು. ನಮ್ಮ ರಾಜ್ಯದ್ದು 1965ರದು. 2020ರಲ್ಲಿ 'ಓದುವ ಬೆಳಕು' ಎಂದು ಗ್ರಾಮ ಪಂಚಾಯತಿ ಗ್ರಂಥಾಲಯಗಳಿಗೆ ಮಕ್ಕಳನ್ನು ಉಚಿತವಾಗಿ ಸೇರಿಸುವ ಕೆಲಸವೂ ನಡೆಯಿತು. ಕಾಲೇಜು ಓದೆನ್ನುವ ಪುಸ್ತಕ ಮೊದಲು ಆ ಕಪಾಟಿಗೆ ಬರಬೇಕು.

ಆದುದರಿಂದ, ಓದಿಸಬೇಕೇ ಎಂದರೆ ಓದಿಸಲಿ ಎನ್ನುತ್ತೇನೆ. ಒಂದೇ ಪುಸ್ತಕ, ಕನ್ನಡದ್ದಾದರೂ ಸರಿ, ಕಾಲೇಜೇ ಎರವಲು ಕೊಡಲಿ, ಅಂಕ ಬೇಡ. ಹೊಸಬರನ್ನು ಬರಮಾಡಿಕೊಳ್ಳಲು ಯು.ಜಿ.ಸಿ. 2019ರಲ್ಲಿ ರೂಪಿಸಿದ 'ದೀಕ್ಷಾರಂಭ' ಎಂಬ ಕಾರ್ಯಕ್ರಮವಿದೆ. ಅದರ ಭಾಷಣಗಳಲ್ಲಿ ಒಂದನ್ನು ಕಡಮೆಮಾಡಿ, ಅಧ್ಯಾಪಕರೂ ಓದಿಕೊಂಡು ಬಂದು ಮಕ್ಕಳ ನಡುವೆ ಕೂತು ಆ ಪುಸ್ತಕದ ಮಾತಾಡಲಿ. ಅಧ್ಯಾಪಕರು ಓದದೆ ಬಂದರೆ? ಅವರೂ ಒಂದು ಪುಟ ಬರೆದುಕೊಡಲಿ.